ಮಾಲೆಯಲ್ಲಿ ಎಣಿಸಿದ ನಾಡಿ

“ಸುಡತೀರಿ ಅಂದ್ರ ಏನ ಸುಡತೀರಿ? ಎದಿ ಒಳಗ ಬೆಂಕಿ ಹಚ್ಚತೀರೇನು?”

ಮನೋಳಿಯ ಕಿರಾಣಿ ಅಂಗಡಿಯ ಯಜಮಾನರು ಹೀಗೆ ಕೇಳಿದಾಗ ವೈದ್ಯರು ನನ್ನ ಮುಖ ನೋಡಿದರು. ನಗರದ ಆ ಆಸ್ಪತ್ರೆಯಲ್ಲಿ ಇಂಥ ಪ್ರಶ್ನೆ ಬಂದಾಗಲೆಲ್ಲ ನನ್ನ ಮುಖ ನೋಡುವುದು ಅವರ ರೂಢಿ. ಅವರು ಮೈಸೂರಿನ ಕಡೆಯವರು. ಅವರ ಕನ್ನಡ ನಮ್ಮ ಜನಕ್ಕೆ ತಿಳಿಯುತ್ತಿತ್ತು. ನಮ್ಮ ಜನದ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು, ಇನ್ನರ್ಧಕ್ಕೆ ನಾನಿದ್ದೆ. ನಾನು ಡಾಕ್ಟರಲ್ಲ, ಪೇಸ್‌ಮೇಕರ್ ಮಾರುವ ಕಂಪನಿಯ ತಂತ್ರಜ್ಞ. ಎದೆಯ ಚರ್ಮದಡಿ ಇಟ್ಟ ಆ ಪುಟ್ಟ ಯಂತ್ರದೊಂದಿಗೆ ಹೊರಗಿನಿಂದಲೇ ಮಾತಾಡುವ ಪ್ರೋಗ್ರಾಮರ್ ಎಂಬ ಪೆಟ್ಟಿಗೆಯನ್ನು ಹೊತ್ತುಕೊಂಡು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬಸ್ಸಿನಲ್ಲಿ ತಿರುಗುವುದು ನನ್ನ ಕೆಲಸ. ಕಂಡಕ್ಟರುಗಳು ಅದನ್ನು ಹೊಲಿಗೆ ಮಷೀನು ಎಂದು ತಿಳಿದು ಲಗೇಜು ಟಿಕೀಟು ಹರಿಯುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಹೊಸತು. ಮೊಬೈಲು ಇನ್ನೂ ದೊಡ್ಡವರ ಕಿಸೆಯಲ್ಲಿ ಮಾತ್ರ ಇತ್ತು.

“ಬೆಂಕಿ ಅಲ್ರಿ,” ಎಂದೆ. “ಹೃದಯದಾಗ ಮ್ಯಾಲೊಂದು ಖೋಲಿ, ಕೆಳಗೊಂದು ಖೋಲಿ ಅಂತ ತಿಳೀರಿ. ಮ್ಯಾಲಿನ ಖೋಲ್ಯಾಗ ಗದ್ದಲ ಎದ್ದೈತಿ. ಆ ಗದ್ದಲ ನಡುವಿನ ಬಾಗಲದಿಂದ ಕೆಳಗ ಇಳೀತೈತಿ. ಹಂಗಾಗಿ ಅವ್ವಾರ ಎದಿ ನಿಮಿಷಕ್ಕ ನೂರಾ ಐವತ್ತು ಸಲ ಬಡಕೊಳ್ಳಾಕ ಹತ್ತೈತಿ. ಈಗ ತೊಡಿ ನರದಾಗಿಂದ ಒಂದು ವಾಯರ್ ಒಳಗ ಒಯ್ದು ಆ ಬಾಗಲಾ ಕಾಯಂ ಮುಚ್ಚತಾರ. ವಾಯರಿನ ತುದಿ ಬಿಸಿ ಆಗತೈತಿ, ಜ್ವಾಳದ ಕಾಳಿನಷ್ಟು ಜಾಗಾ ಸುಡತೈತಿ, ಅಷ್ಟ.”

“ಬಾಗಲಾ ಮುಚ್ಚಿದ ಮ್ಯಾಲ ಕೆಳಗಿನ ಖೋಲಿಗೆ ಯಾರು ದಿಕ್ಕು?”

ಉಪ್ಪು ಸಕ್ಕರೆ ತೂಗುವವರೆಂದು ಹಗುರವಾಗಿ ಕಾಣಬಾರದು. ನಾನು ಹೇಳದೆ ಬಿಟ್ಟದ್ದನ್ನೇ ಅವರು ಕೇಳಿದ್ದರು. “ಎರಡು ವರ್ಷದ ಹಿಂದ ಕೂಡಿಸಿದ ಪೇಸ್‌ಮೇಕರ್ ಐತೆಲ್ರಿ, ಅದ ದಿಕ್ಕು,” ಎಂದೆ. ಆಗ ಅವರ ಹೆಂಡತಿಯ ಹೃದಯ ತೀರ ನಿಧಾನವಾಗಿ, ನಡುನಡುವೆ ನಿಲ್ಲುತ್ತಿತ್ತು. ಅದಕ್ಕೆಂದು ಯಂತ್ರ ಇಟ್ಟಿದ್ದರು. ಈಗ ಅದೇ ಹೃದಯ ಹುಚ್ಚು ಕುದುರೆಯಾಗಿತ್ತು. ಮಾತ್ರೆಗಳು ಸೋತಿದ್ದವು. ಹೆಂಡತಿ ಮಂಚದ ಮೇಲೆ ಕಾಲು ಇಳಿಬಿಟ್ಟು ಕುಳಿತು ನಮ್ಮ ಮಾತು ಕೇಳುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ, ಪಾದಗಳು ನೀರು ತುಂಬಿ ಬಾತುಕೊಂಡಿದ್ದವು.

“ಹಂಗಾರ ಇನ್ನ ಮುಂದ ನನ್ನ ಜೀವಾ ಆ ಡಬ್ಬಿ ಕೈಯಾಗ,” ಎಂದರು. “ಡಬ್ಬಿ ಯಾರ ಕೈಯಾಗ ತಮ್ಮಾ?”

“ನನ್ನ ಕೈಯಾಗ್ರಿ ಅವ್ವಾರ,” ಎಂದೆ. ಆಗ ನನಗೆ ಮೂವತ್ನಾಲ್ಕು ವರ್ಷ. ಜಂಬ ಇತ್ತು.

ಮರುದಿನ ಬೆಳಿಗ್ಗೆ ಅವರನ್ನು ಹೃದಯಕ್ಕೆ ವಾಯರು ಇಳಿಸುವ ಲ್ಯಾಬಿಗೆ ಒಯ್ದರು. ಪೇಸ್‌ಮೇಕರ್ ಇದ್ದವರಿಗೆ ಈ ಸುಡುವ ಚಿಕಿತ್ಸೆ ಮಾಡುವಾಗ ಒಂದು ತೊಡಕಿದೆ. ಪೇಸ್‌ಮೇಕರ್ ಸದಾ ಕಿವಿಗೊಟ್ಟು ಕೇಳುತ್ತಿರುತ್ತದೆ. ಹೃದಯ ತಾನಾಗಿ ಬಡಿದರೆ ಸುಮ್ಮನಿರುತ್ತದೆ, ಬಡಿಯದಿದ್ದರೆ ವಿದ್ಯುತ್ತಿನ ಒಂದು ಸಣ್ಣ ತಟ್ಟು ಕೊಡುತ್ತದೆ. ಸುಡುವ ವಾಯರಿನ ವಿದ್ಯುತ್ತು ಅದರ ಕಿವಿಗೆ ಬಿದ್ದರೆ, ಹೃದಯ ಚೆನ್ನಾಗಿ ನಡೆದಿದೆ, ನನ್ನದೇನು ಕೆಲಸ ಎಂದು ಅದು ತಣ್ಣಗೆ ಕೂತುಬಿಡಬಹುದು. ಅದಕ್ಕೇ ಮೊದಲು ನಾನು ಅದರ ಕಿವಿ ಮುಚ್ಚುತ್ತೇನೆ. ಅಂದರೆ ಏನೇ ಕೇಳಲಿ ಬಿಡಲಿ, ನಿಮಿಷಕ್ಕೆ ಇಷ್ಟು ಎಂದು ತಟ್ಟುತ್ತಲೇ ಇರುವ ಹಾಗೆ ಪ್ರೋಗ್ರಾಮರಿನಿಂದ ಬದಲಿಸುತ್ತೇನೆ. ಅದೂ ಕೈಕೊಟ್ಟರೆ ಇರಲಿ ಎಂದು ವೈದ್ಯರು ತೊಡೆಯಿಂದಲೇ ಇನ್ನೊಂದು ತಾತ್ಕಾಲಿಕ ತಂತಿ ಇಳಿಸಿ, ಅದರ ಪೆಟ್ಟಿಗೆಯನ್ನು ನರ್ಸಿನ ಕೈಯಲ್ಲಿ ಕೊಟ್ಟಿರುತ್ತಾರೆ.

ಅವ್ವನ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ನರ್ಸು ತೆಗೆಯಿರಿ ಎಂದಳು, ಅವ್ವ ಆಗುವುದಿಲ್ಲ ಎಂದರು. ವೈದ್ಯರು ಮಾತು ಬೆಳೆಸದೆ ಅದನ್ನು ಬಟ್ಟೆಯಲ್ಲಿ ಸುತ್ತಿ ಅವರ ಬಲಗೈಗೆ ಕಟ್ಟಿಸಿದರು. ಕೆಲಸ ಶುರುವಾಯಿತು.

ಮೊದಲೆರಡು ಸಲ ಸುಟ್ಟಾಗ ಬಾಗಿಲು ಮುಚ್ಚಲಿಲ್ಲ. ಮೂರನೆಯ ಸಲ ವಾಯರನ್ನು ಕೂದಲೆಳೆಯಷ್ಟು ಸರಿಸಿದರು. ಹತ್ತು ಸೆಕೆಂಡಿನಲ್ಲಿ ಪರದೆಯ ಮೇಲಿನ ಗದ್ದಲ ಅಡಗಿತು. ಪೇಸ್‌ಮೇಕರಿನ ನೆಟ್ಟಗಿನ ಗೀಟು, ಅದರ ಬೆನ್ನಿಗೆ ಹೃದಯದ ಅಗಲವಾದ ಅಲೆ. ಗೀಟು, ಅಲೆ, ಗೀಟು, ಅಲೆ. ನೋಡುವುದಕ್ಕೆ ಹಬ್ಬ. ವೈದ್ಯರು ಇನ್ನೊಂದಿಷ್ಟು ಹೊತ್ತು ಸುಡುತ್ತೇನೆ ಎಂದರು. ಆಗ ಗೀಟಿನ ಹಿಂದೆ ಅಲೆ ಬರುವುದು ನಿಂತಿತು. ಒಂದು ಗೀಟು ಖಾಲಿ, ಎರಡು ಖಾಲಿ, ಮೂರು, ನಾಲ್ಕು.

“ಏನಾಯ್ತು?” ಎಂದರು ವೈದ್ಯರು.

“ತಟ್ಟು ಹೋಗ್ತಿದೆ ಸರ್, ಹೃದಯ ಏಳ್ತಿಲ್ಲ.”

ನರ್ಸು ತಾತ್ಕಾಲಿಕ ಪೆಟ್ಟಿಗೆಯ ಗುಂಡಿ ತಿರುಗಿಸಿದಳು. ಅಲೆ ಮರಳಿ ಬಂತು. ಅವ್ವ ಕಣ್ಣು ಬಿಟ್ಟು, ಯಾರೋ ಬಾವಿಯಿಂದ ಮೇಲೆತ್ತಿದ ಹಾಗಾಯಿತು ಎಂದರು. ನಾನು ಪೇಸ್‌ಮೇಕರಿನ ತಟ್ಟಿನ ಜೋರು ಏರಿಸುತ್ತ ಹೋದೆ. ಬೆಳಿಗ್ಗೆ ಮುಕ್ಕಾಲು ವೋಲ್ಟಿಗೆ ಏಳುತ್ತಿದ್ದ ಹೃದಯ ಈಗ ಒಂದೂವರೆ ವೋಲ್ಟ್ ಕೇಳಿತು. ಸುಡುವ ವಿದ್ಯುತ್ತು ಕೆಲವು ಸಲ ಪೇಸ್‌ಮೇಕರಿನ ತಂತಿಯಲ್ಲೇ ಹರಿದು, ಅದರ ತುದಿ ತಾಗಿದ ಕಡೆ ಮಾಂಸವನ್ನು ಚೂರು ಬೇಯಿಸಿಬಿಡುತ್ತದೆ. ಬೆಂದ ಮಾಂಸಕ್ಕೆ ಕಿವಿ ಮಂದ. ಅದು ವಾಸಿಯಾಗಬಹುದು, ಊದಿಕೊಂಡು ಇನ್ನೂ ಮಂದವಾಗಬಹುದು. ಆ ದಿನ ಅದನ್ನು ಯಾರೂ ಹೇಳಲಾರರು.

ಎರಡು ದಿನ ತಾತ್ಕಾಲಿಕ ತಂತಿ ಬಿಟ್ಟುಕೊಂಡು ಕಾದೆವು. ಒಂದೂವರೆ ವೋಲ್ಟ್ ಒಂದೂವರೆಯಲ್ಲೇ ನಿಂತಿತು. ಕಾಲಿನ ಬಾವು ಇಳಿಯತೊಡಗಿತು, ಅವ್ವ ಎದ್ದು ಕುಳಿತು ಆಸ್ಪತ್ರೆಯ ರೊಟ್ಟಿ ಸರಿಯಿಲ್ಲ ಎಂದು ಹೆಸರಿಟ್ಟರು. ತಂತಿ ತೆಗೆದರು. ಮನೆಗೆ ಕಳಿಸುವ ಮುಂಚೆ ವೈದ್ಯರು ಕೇಳಿದರು, “ಔಟ್‌ಪುಟ್ ಎಷ್ಟಕ್ಕೆ ಇಡೋಣ?”

“ಮೂರೂವರೆ ಸಾಕು ಸರ್. ಬೇಕಾದ್ದರ ಎರಡು ಪಟ್ಟಿನ ಮೇಲಾಯ್ತು. ಐದಕ್ಕೆ ಇಟ್ಟರೆ ಬ್ಯಾಟರಿ ಬೇಗ ಮುಗಿಯುತ್ತದೆ.”

ಇದು ಪುಸ್ತಕದ ಮಾತೇ, ತಪ್ಪಲ್ಲ. ಆದರೆ ಒಂದು ತಿಂಗಳ ಮಟ್ಟಿಗೆ ಐದಕ್ಕೆ ಇಟ್ಟಿದ್ದರೆ ಬ್ಯಾಟರಿಗೇನೂ ಆಗುತ್ತಿರಲಿಲ್ಲ. ಬ್ಯಾಟರಿ ಉಳಿಸುವುದು ನನ್ನ ಕೈಗೆ ಅಂಟಿದ ಚಟವಾಗಿತ್ತು. ತಟ್ಟನ್ನು ಕಡಿಮೆ ಇಟ್ಟು ಯಂತ್ರಕ್ಕೆ ಎರಡು ವರ್ಷ ಆಯುಷ್ಯ ಜಾಸ್ತಿ ಮಾಡಿದೆ ಎಂದು ರೋಗಿಗಳ ಮುಂದೆ ಹೇಳಿಕೊಳ್ಳುವುದು ನನಗೆ ಸೇರುತ್ತಿತ್ತು. ವೈದ್ಯರು ನನ್ನನ್ನು ನಂಬಿ ಸಹಿ ಹಾಕಿದರು. ವೇಗವನ್ನು ನಿಮಿಷಕ್ಕೆ ತೊಂಬತ್ತಕ್ಕೆ ಇಟ್ಟೆವು. ಬಾಗಿಲು ಮುಚ್ಚಿದ ಹೊಸದರಲ್ಲಿ ಹಾಗೆ ಇಡುವುದು ಪದ್ಧತಿ.

ಉಳಿದದ್ದು ನಾಡಿ ಎಣಿಸಲು ಕಲಿಸುವುದು. ದಿನಾ ಬೆಳಿಗ್ಗೆ ಒಂದು ನಿಮಿಷ ಎಣಿಸಿ, ತೊಂಬತ್ತಕ್ಕಿಂತ ಕಡಿಮೆಯಾದರೆ ತಕ್ಷಣ ತಿಳಿಸಬೇಕು. ಅವ್ವನಿಗೆ ಬೆರಳಿಗೆ ನಾಡಿ ಸಿಕ್ಕಿತು. ಆದರೆ ಎಣಿಸುವಾಗ ಐವತ್ತು ದಾಟಿದ ಮೇಲೆ ಗೊಂದಲ ಮಾಡಿಕೊಂಡು ಮತ್ತೆ ನಲವತ್ತಕ್ಕೆ ಬರುತ್ತಿದ್ದರು. ಯಜಮಾನರ ಕೈ ಬೆರಳು ಅಂಗಡಿಯ ಕೆಲಸದಲ್ಲಿ ದಡ್ಡುಗಟ್ಟಿತ್ತು, ಅವರಿಗೆ ಹೆಂಡತಿಯ ನಾಡಿಯೇ ಸಿಗಲಿಲ್ಲ. ಅವ್ವನ ದಿಂಬಿನ ಪಕ್ಕ ರುದ್ರಾಕ್ಷಿಯ ಜಪಮಾಲೆ ಇತ್ತು. ನನಗೆ ಅದನ್ನು ನೋಡಿ ಉಪಾಯ ಹೊಳೆಯಿತು.

“ಅವ್ವಾರ, ಎಡಗೈ ಬೆರಳು ಕುತಗಿ ಮಗ್ಗಲಕ ಇಡ್ರಿ. ಬಲಗೈಯಾಗ ಮಾಲಿ ಹಿಡೀರಿ. ಒಂದು ಬಡತಕ್ಕ ಒಂದು ಮಣಿ. ಯಜಮಾನ್ರು ಗಡಿಯಾರ ನೋಡಿ ಸುರು ಅಂತಾರ, ನಿಮಿಷ ಆದಮ್ಯಾಲ ಆತು ಅಂತಾರ. ಎಷ್ಟು ಮಣಿ ಆದ್ವು ಅನ್ನೂದನ್ನ ಫೋನ್ ಮಾಡ್ರಿ.”

“ಅದು ಸಸಾರ ಬಿಡು,” ಎಂದರು ಅವ್ವ. ನನ್ನ ಬುದ್ಧಿಗೆ ನಾನೇ ಶಾಭಾಷ್ ಎಂದುಕೊಂಡೆ.

ಇಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ಮಾಲೆಯ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ನಾನು ಹುಟ್ಟಿ ಬೆಳೆದ ರಾಮದುರ್ಗದ ಮನೆಯಲ್ಲಿ ಗೋಡೆಯ ಮೇಲೆ ಬುದ್ಧನ ಪಟ ಇತ್ತು, ಜಪಮಾಲೆ ಇರಲಿಲ್ಲ. ಎಷ್ಟು ಮಣಿ, ಹೇಗೆ ಹಿಡಿಯಬೇಕು, ಏನು ನೇಮ ಎಂದು ಆ ತಾಯಿಯನ್ನು ಕೇಳಬಹುದಿತ್ತು. ಕೇಳಲಿಲ್ಲ. ಇಂಥದನ್ನು ಕೇಳಿದರೆ, ನಿಮ್ಮ ಮನ್ಯಾಗ ಹೆಂಗರಿ ಎಂಬ ಮರುಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ನಂತರ ಕೆಲವು ಮನೆಗಳಲ್ಲಿ ಚಹಾದ ಬಟ್ಟಲು ಬೇರೆಯಾದದ್ದನ್ನು ನೋಡಿದ್ದೇನೆ. ಎಲ್ಲ ಮನೆಯಲ್ಲಲ್ಲ. ಆದರೆ ಯಾವ ಮನೆ ಎಂದು ಮೊದಲೇ ಗೊತ್ತಾಗುವುದಿಲ್ಲವಲ್ಲ. ಹಾಗಾಗಿ ಗೊತ್ತಿದ್ದವನ ಹಾಗೆ ತಲೆಯಾಡಿಸಿ ಮುಂದೆ ಹೋಗುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೆ.

ಅವರು ಮನೋಳಿಗೆ ಹೋದ ಮರುದಿನ ಬೈಲಹೊಂಗಲದ ನಮ್ಮ ಮನೆಗೆ ಫೋನು ಬಂತು. ನಾನು ಸವದತ್ತಿಯಲ್ಲಿದ್ದೆ. ಸಂಜೆ ಬಂದಾಗ ಹೆಂಡತಿ ಹೇಳಿದಳು: “ಮನೋಳಿ ಅಂಗಡಿಯವರು ಫೋನ್ ಮಾಡಿದ್ರು. ನೂರಾ ಎಂಟಂತ.”

ನೂರೆಂಟು ಹೇಗೆ ಬಂತು? ಬಾಗಿಲು ಮುಚ್ಚಿದೆ, ಯಂತ್ರ ತೊಂಬತ್ತಕ್ಕಿದೆ. ಮೇಲಿನ ಗದ್ದಲ ಮತ್ತೆ ಇಳಿಯುತ್ತಿದೆಯೇ ಎಂದು ಅನುಮಾನ ಬಂದು ವೈದ್ಯರಿಗೆ ತಿಳಿಸಿದೆ. “ಹೊಸಬರು, ಎಣಿಕೆ ಹೆಚ್ಚುಕಮ್ಮಿ ಆಗಿರುತ್ತೆ. ಕಡಿಮೆಯಾದ್ರೆ ಹೇಳಿ, ಜಾಸ್ತಿಗೆ ಹೆದರಬೇಡಿ,” ಎಂದರು. ಅದೂ ಸರಿಯೇ. ನಮ್ಮ ಭಯವೆಲ್ಲ ಕಡಿಮೆಯ ಕಡೆಗಿತ್ತು. ಎರಡನೆಯ ದಿನ ನೂರೆಂಟು. ಮೂರನೆಯ ದಿನ ನೂರೆಂಟು. ನಾಲ್ಕನೆಯ ದಿನವೂ ಹೆಂಡತಿ ಅದನ್ನೇ ಹೇಳಿ, “ಭಾಳ ನೇಮದ ಎದಿ ಬಿಡ್ರಿ ಆ ಅವ್ವಾಂದು, ಒಂದ ಸಲಾನೂ ತಪ್ಪಂಗಿಲ್ಲ,” ಎಂದು ನಕ್ಕಳು. ನಾನೂ ನಕ್ಕೆ. ಮನುಷ್ಯನ ನಾಡಿ ನಾಲ್ಕು ದಿನ ಒಂದೇ ಅಂಕಿ ಹೇಳುವುದಿಲ್ಲ ಎಂದು ಗೊತ್ತಿದ್ದವನು ಆ ಮನೆಯಲ್ಲಿ ನಾನೊಬ್ಬನೇ, ನಾನೇ ನಕ್ಕುಬಿಟ್ಟೆ.

ಐದನೆಯ ದಿನ ಕಿತ್ತೂರಿಗೆ ಹೋಗಿದ್ದೆ. ಅಲ್ಲಿನ ಡಾಕ್ಟರೊಬ್ಬರ ದವಾಖಾನೆಯಲ್ಲಿ ತಿಂಗಳಿಗೊಮ್ಮೆ ಪೇಸ್‌ಮೇಕರ್ ತಪಾಸಣೆ. ಪಾಳಿಯಲ್ಲಿದ್ದ ಮುದುಕರೊಬ್ಬರ ಹೆಸರು ಕೂಗಿದೆ. ಅವರು ಜಗಲಿಯ ಮೇಲೆ ಕಣ್ಣುಮುಚ್ಚಿ ಮಾಲೆ ತಿರುಗಿಸುತ್ತಿದ್ದರು. ಏಳಲಿಲ್ಲ. ಎರಡನೆಯ ಸಲ ಕೂಗಿದೆ. ಎಡಗೈ ಎತ್ತಿ, ತಡಿ ಎಂದು ಸನ್ನೆ ಮಾಡಿದರು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇವರೊಬ್ಬರ ಸಲುವಾಗಿ ಹತ್ತು ಮಂದಿ ಕಾಯಬೇಕೇ ಎಂದು ಗೊಣಗಿದೆ. ಮಾಲೆ ಮುಗಿಸಿ, ಕಣ್ಣಿಗೊತ್ತಿಕೊಂಡು, ಸಾವಕಾಶ ಒಳಗೆ ಬಂದರು.

“ಸಿಟ್ಟಾಗಬ್ಯಾಡ್ರಿ ಸಾಹೇಬ್ರ,” ಎಂದರು. “ಮಾಲಿ ಹಿಡದ ಮ್ಯಾಲ ನಡಕ ಬಿಡಾಕ ಬರಂಗಿಲ್ಲ. ಮೇರು ಮುಟ್ಟಿದ ಮ್ಯಾಲ ನಿಲ್ಲೂದು.”

“ಮೇರು ಅಂದ್ರ?”

“ಇದ ನೋಡ್ರಿ, ಕೊನಿ ಮಣಿ. ಸುತ್ತಿಗೆ ನೂರಾ ಎಂಟು. ನಡಕ ನಿಂತ್ರ ಜಪ ಮುರದಂಗ.”

ನಾನು ಅವರ ಎದೆಯ ಮೇಲೆ ಇಟ್ಟಿದ್ದ, ಒಳಗಿನ ಯಂತ್ರದ ಮಾತು ಹಿಡಿಯುವ ಪ್ರೋಗ್ರಾಮರಿನ ಕೈಪಟ್ಟಿಯನ್ನು ಹಾಗೇ ಹಿಡಿದು ನಿಂತೆ. ಮನೋಳಿಯ ಅವ್ವ ನಿಮಿಷಕ್ಕೆ ಎಷ್ಟು ಎಂದು ಎಣಿಸಿಯೇ ಇಲ್ಲ. ಯಜಮಾನರು ಆತು ಎಂದರೂ ಅವರು ನಿಲ್ಲಿಸುವವರಲ್ಲ. ಮಾಲೆ ಪೂರ್ತಿ ಮಾಡುತ್ತಾರೆ. ಹೃದಯ ಇನ್ನೂರು ಬಡಿದರೂ, ಇಪ್ಪತ್ತು ಬಡಿದರೂ ಉತ್ತರ ನೂರೆಂಟೇ. ನಾಲ್ಕು ದಿನದಿಂದ ಆ ಮನೆಯಿಂದ ನನಗೆ ಬಂದ ಸುದ್ದಿಯೆಲ್ಲ ಒಂದು ಮಾಲೆಯಲ್ಲಿ ಎಷ್ಟು ಮಣಿ ಇವೆ ಎಂಬುದು ಮಾತ್ರ.

ಎದುರಿನ ಎಸ್‌ಟಿಡಿ ಬೂತಿಗೆ ಓಡಿ ಮನೋಳಿಯ ಅಂಗಡಿಗೆ ಫೋನು ಹಚ್ಚಿದೆ.

“ಯಜಮಾನ್ರ, ನಾ ಪೇಸ್‌ಮೇಕರಿನಾಂವ. ನೀವು ಆತು ಅಂದಾಗ ಅವ್ವಾರು ನಿಲ್ಲಸತಾರೇನು?”

“ಹೆಂಗ ನಿಲ್ಲಸಾಕ ಬರತದರಿ? ಮಾಲಿ ಮುಗೀಬೇಕಲ್ಲ. ನಾ ಆತು ಅಂದು ಅಂಗಡಿಗೆ ಬರತೇನಿ, ಆಕಿ ಮುಗಿಸಿ ಹೇಳತಾಳು.”

“ಅವ್ವಾರು ಹೆಂಗದಾರ?”

“ನಿನ್ನಿಯಿಂದ ಸ್ವಲ್ಪ ತಲಿ ತಿರಗತದ ಅಂತಾಳು. ಬಿಸಲಿಗೆ ಅಂತ ತಿಳಕೊಂಡೇವಿ.”

ಎಣಿಕೆ ಕೆಟ್ಟಿತ್ತು, ಆದರೆ ಪೂರ್ತಿ ಕೆಟ್ಟಿರಲಿಲ್ಲ. ಒಂದು ಬಡಿತಕ್ಕೆ ಒಂದು ಮಣಿ ಎಂಬುದನ್ನು ಅವ್ವ ಬಿಟ್ಟಿರಲಾರರು. ಹಾಗಾದರೆ ಎಷ್ಟು ಮಣಿ ಎಂದು ಕೇಳುವ ಬದಲು ಎಷ್ಟು ಹೊತ್ತು ಎಂದು ಕೇಳಬೇಕು. ನಿಮಿಷಕ್ಕೆ ತೊಂಬತ್ತಾದರೆ ನೂರೆಂಟು ಮಣಿಗೆ ಒಂದು ನಿಮಿಷ ಹನ್ನೆರಡು ಸೆಕೆಂಡು. ಬೂತಿನ ಗೋಡೆಯ ಮೇಲೆ ಪೆನ್ನಿನಿಂದ ಲೆಕ್ಕ ಮಾಡಿದೆ, ಬೂತಿನವನು ಬಯ್ದ.

“ಯಜಮಾನ್ರ, ಮನಿ ಅಂಗಡಿ ಹಿಂದ ಐತೆಲ್ಲ? ಈಗ ಹೋಗ್ರಿ. ಅವ್ವಾರಿಗೆ ಒಂದು ಮಾಲಿ ಎಣಸಾಕ ಹೇಳ್ರಿ. ಮೊದಲ ಮಣಿಯಿಂದ ಮೇರುತನಕ ಗಡಿಯಾರ ನೋಡಿ ಎಷ್ಟು ಹೊತ್ತು ಹಿಡೀತು ಅನ್ನೂದನ್ನ ಹೇಳ್ರಿ. ಫೋನ್ ಇಡಬ್ಯಾಡ್ರಿ, ನಾ ನಿಂದರತೇನಿ.”

ಫೋನಿನಲ್ಲಿ ಅಂಗಡಿಯ ಸದ್ದು ಕೇಳುತ್ತಿತ್ತು. ಯಾರೋ ಕಾಲು ಕಿಲೋ ಬೆಲ್ಲ ಕೇಳಿ, ಯಾರೂ ಇಲ್ಲವೆಂದು ಹೋದರು. ಬಹಳ ಹೊತ್ತಾದ ಮೇಲೆ ಯಜಮಾನರು ಬಂದರು. ಅವರ ದನಿ ಬದಲಾಗಿತ್ತು.

“ಎರಡು ನಿಮಿಷದ ಮ್ಯಾಲ ಹತ್ತು ಸೆಕೆಂಡ್ ಆತ್ರಿ. ನಡುವ ನಡುವ ಬಡತ ಸಿಗಂಗಿಲ್ಲಂತ. ಬರೂತನಕ ಮಣಿ ಹಿಡಕೊಂಡು ಕಾಯತೇನಿ ಅಂತಾಳು.”

ನಿಮಿಷಕ್ಕೆ ಐವತ್ತು. ಮೂರೂವರೆ ವೋಲ್ಟೂ ಸಾಲದ ಹಾಗೆ ಆ ಬೆಂದ ಮಾಂಸ ಊದಿಕೊಂಡಿತ್ತು. ಕೆಲವು ತಟ್ಟು ತಾಗುತ್ತಿದ್ದವು, ಕೆಲವು ವ್ಯರ್ಥ. ಪೂರ್ತಿ ವ್ಯರ್ಥವಾದ ಹೊತ್ತಿಗೆ ಮೇಲಿನ ಖೋಲಿಯಿಂದ ಯಾರೂ ಬರುವ ಹಾಗಿಲ್ಲ. ಬಾಗಿಲನ್ನು ನಾವೇ ಸುಟ್ಟು ಮುಚ್ಚಿದ್ದೆವು.

“ಸವದತ್ತಿಗೆ ಒಯ್ಯಲೇನ್ರಿ?”

ಸವದತ್ತಿಯಲ್ಲಿ ಇಸಿಜಿ ತೆಗೆಯಬಹುದು, ಬೇರೇನೂ ಮಾಡಲಾಗದು. ನೇರ ನಗರಕ್ಕೆ ಒಯ್ಯಿರಿ ಎಂದರೆ ದಾರಿಯಲ್ಲಿ ಏನಾದರೂ ಆದರೆ ಕೈಯಲ್ಲಿ ಏನೂ ಇಲ್ಲ. ಪ್ರೋಗ್ರಾಮರ್ ನನ್ನ ಬಳಿ ಇದೆ. “ಎಲ್ಲಿಗೂ ಒಯ್ಯಬ್ಯಾಡ್ರಿ. ಮಲಗಿಸಿ ಇಡ್ರಿ. ನಾ ಬರತೇನಿ,” ಎಂದೆ. ನಗರದ ಆಸ್ಪತ್ರೆಗೆ ಫೋನು ಮಾಡಿದರೆ ವೈದ್ಯರು ಲ್ಯಾಬಿನೊಳಗೆ ಇನ್ನೊಬ್ಬ ರೋಗಿಯ ಮೇಲೆ ಕೆಲಸದಲ್ಲಿದ್ದರು. ನರ್ಸಿಗೆ ಸುದ್ದಿಯನ್ನೂ ಮನೋಳಿಯ ಅಂಗಡಿಯ ನಂಬರನ್ನೂ ಬರೆಸಿದೆ. ಕಿತ್ತೂರಿನ ಡಾಕ್ಟರು ಮರುಮಾತಿಲ್ಲದೆ ತಮ್ಮ ಜೀಪನ್ನೂ ಡ್ರೈವರನ್ನೂ ಕೊಟ್ಟರು. ಬೈಲಹೊಂಗಲದಲ್ಲಿ ನಮ್ಮ ಮನೆಯ ಓಣಿಯ ಮುಂದೆಯೇ ಹಾದುಹೋದೆವು, ನಿಲ್ಲಿಸಲಿಲ್ಲ. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮೂರೂವರೆ ಎಂದು ನಾನು ಹೇಳಿದ ದನಿಯನ್ನೇ ಕೇಳಿಸಿಕೊಳ್ಳುತ್ತಿದ್ದೆ.

ಮನೋಳಿಯಲ್ಲಿ ಅವ್ವ ನಡುಮನೆಯಲ್ಲಿ ಮಲಗಿದ್ದರು. ತುಟಿಯ ಬಣ್ಣ ಬೂದಿಯಾಗಿತ್ತು. ನನ್ನ ಕಾಲು ಹಳೆಯ ರೂಢಿಯಂತೆ ಹೊಸ್ತಿಲ ಹೊರಗೆ ಒಂದು ಗಳಿಗೆ ನಿಂತಿತು. “ಯಾಕ ನಿಂತ್ರಿ, ಒಳಗ ಬರ್ರಿ,” ಎಂದು ಯಜಮಾನರು ಪೆಟ್ಟಿಗೆಗೆ ಕೈ ಹಾಕಿದರು. ಒಳಗೆ ಹೋಗಿ ಪ್ಲಗ್ಗು ಹುಡುಕಿದೆ.

“ಕರೆಂಟ್ ಇಲ್ರಿ,” ಎಂದರು. “ಸಂಜಿ ಆರಕ್ಕ ಬರತದ.”

ಆ ಕಾಲದ ಹಳ್ಳಿಗಳಲ್ಲಿ ಹಗಲು ವಿದ್ಯುತ್ತು ಇರುವುದಿಲ್ಲ ಎಂಬುದು ನನಗೆ ಗೊತ್ತಿರದ ಸಂಗತಿಯೇ? ಆದರೂ ಮರೆತಿದ್ದೆ. ಆ ಪೆಟ್ಟಿಗೆ ಕರೆಂಟಿಲ್ಲದಿದ್ದರೆ ನಿಜವಾಗಿಯೂ ಹೊಲಿಗೆ ಮಷೀನಿಗಿಂತ ಕಡೆ. ಯಜಮಾನರು ಎರಡು ಮನೆಯಾಚೆ ಮದುವೆಗಳಿಗೆ ಮೈಕು, ಲೈಟು ಬಾಡಿಗೆ ಕೊಡುವವನನ್ನು ಕೂಗಿದರು. ಅವನು ಜನರೇಟರನ್ನು ಕೈಗಾಡಿಯಲ್ಲಿ ತಂದು ಅಂಗಳದಲ್ಲಿ ಇಳಿಸಿದ. ನೇರ ಪ್ರೋಗ್ರಾಮರಿಗೆ ಕೊಡಲು ನನಗೆ ಧೈರ್ಯ ಸಾಲಲಿಲ್ಲ. ಒಂದು ಬಲ್ಬು ಹಚ್ಚಿಸಿ ನೋಡಿದೆ. ಒಮ್ಮೆ ಭಗ್ ಎಂದು ಉರಿದು ಒಮ್ಮೆ ಮಂಕಾಗುತ್ತಿತ್ತು. ಈ ಕುಣಿತದಲ್ಲಿ ಪೆಟ್ಟಿಗೆ ಸುಟ್ಟುಹೋದರೆ ಮುಗಿಯಿತು.

“ಅದಕ್ಕ ಭಾರ ಸಾಲವಲ್ದರಿ,” ಎಂದ ಜನರೇಟರಿನವನು. “ಎತ್ತಿಗೆ ಖಾಲಿ ಚಕ್ಕಡಿ ಕಟ್ಟಿದ್ರ ಓಡ್ಯಾಡತದಲ್ಲ, ಹಂಗ. ಇನ್ನೊಂದು ನಾಕು ಬಲ್ಬ್ ಹಚ್ಚೂಣು, ಸಮಾ ಆಗತದ.”

ನಡುಮಧ್ಯಾಹ್ನ ಆ ಕೋಣೆಯಲ್ಲಿ ಐದು ದೊಡ್ಡ ಬಲ್ಬು ಉರಿದವು. ಬೆಳಕು ನೆಟ್ಟಗೆ ನಿಂತಿತು. ಪ್ರೋಗ್ರಾಮರ್ ಎದ್ದಿತು. ಅವ್ವ ತಾವಾಗಿಯೇ ಕರಡಿಗೆಯನ್ನು ಎದೆಯಿಂದ ಸರಿಸಿ ಎಡ ಅಂಗೈಯಲ್ಲಿ ಮುಚ್ಚಿಕೊಂಡರು. ಕೈಪಟ್ಟಿ ಇಟ್ಟೆ. ಪರದೆಯ ಮೇಲೆ ಮೂರು ಗೀಟಿಗೆ ಎರಡು ಖಾಲಿ. ನಡುವೆ ಒಮ್ಮೆ ನಾಲ್ಕು ಖಾಲಿ ಹೋಗಿ ಅವ್ವನ ಕಣ್ಣು ಮೇಲೆ ಸರಿಯಿತು, ಮತ್ತೆ ಅಲೆ ಬಂತು.

ವೈದ್ಯರ ಮಾತಿಲ್ಲದೆ ಒಂದು ಅಂಕಿಯನ್ನೂ ಬದಲಿಸಬಾರದು ಎಂಬುದು ನಮ್ಮ ಕೆಲಸದ ಮೊದಲ ನೇಮ. ಅದನ್ನು ಮುರಿದು ಕೆಲಸ ಕಳೆದುಕೊಂಡವರನ್ನು ಬಲ್ಲೆ. ಯಜಮಾನರು ಇನ್ನೊಮ್ಮೆ ಆಸ್ಪತ್ರೆಗೆ ಫೋನು ಮಾಡಿ ಬಂದು, ಡಾಕ್ಟರು ಇನ್ನೂ ಒಳಗೇ ಇದ್ದಾರೆ ಎಂದರು. ನಾನು ಐದು ವೋಲ್ಟ್ ಎಂದು ಒತ್ತಿದೆ. ತಟ್ಟಿನ ಅಗಲವನ್ನೂ, ಅಂದರೆ ಅದು ತಾಗಿಕೊಂಡಿರುವ ಹೊತ್ತನ್ನೂ, ದುಪ್ಪಟ್ಟು ಮಾಡಿದೆ. ಪರದೆ ಖಾತ್ರಿಯೇ ಎಂದು ಕೇಳಿತು. ನನಗೆ ಯಾವ ಖಾತ್ರಿಯೂ ಇರಲಿಲ್ಲ. ಐದಕ್ಕೂ ಏಳದಿದ್ದರೆ ಮುಂದೆ ನನ್ನ ಹತ್ತಿರ ಬೇರೆ ಅಂಕಿ ಇಲ್ಲ. ಒತ್ತಿದೆ.

ಗೀಟು, ಅಲೆ. ಗೀಟು, ಅಲೆ. ಹತ್ತು, ಇಪ್ಪತ್ತು, ಮೂವತ್ತು ನೋಡಿದೆ. ಒಂದೂ ತಪ್ಪಲಿಲ್ಲ.

ಅವ್ವ ಬಲಗೈ ಬೆರಳನ್ನು ಕುತ್ತಿಗೆಯ ಮೇಲೆ ಇಟ್ಟುಕೊಂಡೇ ಇದ್ದರು. “ಬಂತು,” ಎಂದರು. “ಈಗ ಕಾಯೂದು ಬ್ಯಾಡ.” ನಾನು ಗೋಡೆಗೆ ಒರಗಿ ಕುಳಿತು, ಅಳು ಬಂದದ್ದನ್ನು ಜನರೇಟರಿನ ಹೊಗೆಯ ಮೇಲೆ ಹಾಕಿದೆ.

ಅರ್ಧ ಗಂಟೆಗೆ ವೈದ್ಯರ ಫೋನು ಬಂತು. ಎಲ್ಲ ಹೇಳಿದೆ. “ಯಾರನ್ನ ಕೇಳಿ ಬದಲಾಯಿಸಿದ್ರಿ?” ಎಂದರು. ಯಾರನ್ನೂ ಕೇಳಿಲ್ಲ ಸರ್ ಎಂದೆ. “ಈಗಲೇ ಕರ್ಕೊಂಡು ಬನ್ನಿ,” ಎಂದರು.

ಜೀಪಿನಲ್ಲಿ ಪ್ರೋಗ್ರಾಮರ್ ನಡೆಯುವುದಿಲ್ಲ. ಯರಗಟ್ಟಿಯ ಮೇಲಿನಿಂದ ನಗರ ಮುಟ್ಟುವತನಕ ನಮ್ಮ ಯಂತ್ರವೆಂದರೆ ಅವ್ವನ ಮಾಲೆ ಮತ್ತು ಯಜಮಾನರ ಕೈಗಡಿಯಾರ. ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಅವ್ವ ಸುತ್ತಿನ ಮೇಲೆ ಸುತ್ತು ಎಣಿಸಿದರು. ಮೇರು ಮುಟ್ಟಿದಾಗ ಹೂಂ ಎನ್ನುತ್ತಿದ್ದರು. ಯಜಮಾನರು ಒಂದ ನಿಮಿಷ ಹನ್ನೆರಡು ಎನ್ನುತ್ತಿದ್ದರು. ಒಮ್ಮೆ ಒಂದ ನಿಮಿಷ ಹದಿನಾಲ್ಕು ಎಂದಾಗ ನಾನು ಜೀಪು ನಿಲ್ಲಿಸಲು ಹೇಳಿದೆ. ಮತ್ತೆ ಎಣಿಸಿದರು, ಹನ್ನೆರಡಕ್ಕೇ ಬಂತು. ರಸ್ತೆಯ ತಗ್ಗಿನಲ್ಲಿ ಬೆರಳು ಜಾರಿ ಮೂರು ಬಡಿತ ತಪ್ಪಿದ್ದವಂತೆ.

ಆ ಸಂಜೆಯೇ ವೈದ್ಯರು ಎದೆಯ ಹಳೆಯ ಗಾಯ ಬಿಚ್ಚಿ, ಹೊಸ ತಂತಿಯನ್ನು ಹೃದಯದ ಬೇರೆ ಕಡೆಗೆ ಕೂಡಿಸಿದರು. ಹೊಸ ಜಾಗದಲ್ಲಿ ಹೃದಯ ಅರ್ಧ ವೋಲ್ಟಿಗೇ ಏಳುತ್ತಿತ್ತು. ಕೈ ತೊಳೆದುಕೊಳ್ಳುವಾಗ ನಾನು ಅವರ ಬಳಿ ಹೋಗಿ, ಮೂರೂವರೆ ಎಂದದ್ದು ನಾನು ಸರ್ ಎಂದೆ. “ಸಹಿ ನನ್ನದು,” ಎಂದರು. ಕೈ ಒರೆಸಿಕೊಂಡು, “ಇನ್ಮೇಲೆ ಮೊದಲ ತಿಂಗಳು ಐದಕ್ಕಿಂತ ಕಡಿಮೆ ಇಡಬಾರದು, ಇಬ್ಬರೂ ನೆನಪಿಟ್ಕೊಳ್ಳೋಣ,” ಎಂದರು. ನನ್ನ ಕೆಲಸ ಹೋಗಲಿಲ್ಲ.

ಮನೆಗೆ ಕಳಿಸುವ ದಿನ ಅವ್ವನಿಗೆ ನಾಡಿ ಎಣಿಸುವುದನ್ನು ಮತ್ತೆ ಕಲಿಸಬೇಕಾಗಿತ್ತು. ಯಜಮಾನರು ಔಷಧ ತರಲು ಹೋಗಿದ್ದರು. ನಾನು ಸ್ಟೂಲು ಎಳೆದು ಮಂಚದ ಪಕ್ಕ ಕುಳಿತೆ.

“ಅವ್ವಾರ, ಮಾಲಿ ನೇಮ ಏನು ಅನ್ನೂದನ್ನ ಮೊದಲ ನನಗ ಹೇಳ್ರಿ. ಎಲ್ಲಾ ಹೇಳ್ರಿ.”

ಅವರು ಅರ್ಧ ಗಂಟೆ ಹೇಳಿದರು. ಯಾವ ಬೆರಳು ತಾಗಬಾರದು, ಮೇರು ಯಾಕೆ ದಾಟಬಾರದು, ಕೆಮ್ಮು ಬಂದರೆ ಏನು ಮಾಡಬೇಕು. ನಾನು ಕೇಳಿದ ಪ್ರಶ್ನೆಗಳಿಗೆ ಅವರಿಗೇ ನಗು ಬಂತು. ಕೊನೆಗೆ ನಾನು ಹೆದರಿದ್ದ ಪ್ರಶ್ನೆ ಬಂತು.

“ಇಷ್ಟೂ ಗೊತ್ತಿಲ್ಲೇನು? ನಿಮ್ಮ ಮನ್ಯಾಗ ಹೆಂಗ ತಮ್ಮಾ?”

“ನಮ್ಮ ಮನ್ಯಾಗ ಮಾಲಿ ಇಲ್ರಿ ಅವ್ವಾರ. ನಾವು ಬುದ್ಧನ್ನ ನಡಕೊಳ್ಳೂ ಮಂದಿ.”

ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ನಾನೂ ಈ ಸಲ ಕಣ್ಣು ತಪ್ಪಿಸಲಿಲ್ಲ.

“ಅದನ್ನ ಹೇಳಬೇಕಾಗತದಂತ ಅವತ್ತ ನನ್ನ ಏನೂ ಕೇಳಲಿಲ್ಲೇನು?”

“ಹೌದ್ರಿ.”

“ಅಷ್ಟ ಅಂಜಿಕಿಗೆ,” ಎಂದರು ಅವ್ವ, ಸಿಟ್ಟಿಲ್ಲದೆ, “ನನ್ನ ಜೀವಾ ಒತ್ತಿಗೆ ಇಟ್ಟಿದ್ದೆಲ್ಲೋ ತಮ್ಮಾ.”